ಹಾರಬಲ್ಲವರಿಗೇಕೆ ಕುರ್ಚಿ?

ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ ತಾನಾಗಿ ಮಳೆ ಬರುವುದಿಲ್ಲ. ಯಾರಾದರೂ ಮಳೆಯನ್ನು ಬರೆದಿಟ್ಟರೆ ಬರುತ್ತದೆ, ಇಲ್ಲವಾದರೆ ಇಲ್ಲ. ಅಲ್ಲಿ ಬಿಸಿಲು ಸುಡುವುದಿಲ್ಲ, ಕಾಲು ನೋಯುವುದಿಲ್ಲ. ನಡೆದು ಬೇಸರವಾದರೆ ಒಂದು ಕೀಲಿ ಒತ್ತಿ ಹಾರಿಬಿಡಬಹುದು. ಇಂಥದೊಂದು ಲೋಕ ಕೈಗೆ ಸಿಕ್ಕಾಗ ಅಮೆರಿಕ, ಬ್ರಿಟನ್ನಿನ ಬಹಳಷ್ಟು ವಿಶ್ವವಿದ್ಯಾಲಯಗಳು ಅಲ್ಲಿ ಕಟ್ಟಿದ್ದೇನು? ನಾಲ್ಕು ಗೋಡೆ, ಮೇಲೊಂದು ಸೂರು, ಸಾಲು ಕುರ್ಚಿ, ಎದುರಿಗೊಂದು ಪರದೆ, ಪರದೆಯ ಮೇಲೆ ಸ್ಲೈಡು. ಮಳೆಯೇ ಇಲ್ಲದ ಊರಿನಲ್ಲಿ ಸೂರು. ಕಾಲೇ ನೋಯದವರಿಗೆ ಕುರ್ಚಿ.

ನಾನು ಸಾಹಿತ್ಯ ಪಾಠ ಮಾಡುವವನು, ತಂತ್ರಜ್ಞಾನದವನಲ್ಲ. ಆದರೂ ಈ ಕ್ಯಾಂಪಸ್ಸುಗಳ ಬಗ್ಗೆ ಬರೆಯಬೇಕೆನಿಸಿದ್ದು ಅವುಗಳನ್ನು ಕೃತಿಗಳೆಂದು ಓದಬಹುದು ಎಂಬ ಕಾರಣಕ್ಕೆ. ಅಲ್ಲಿನ ಪ್ರತಿ ಕಂಬ, ಪ್ರತಿ ಬಾಗಿಲು ಯಾರೋ ಆರಿಸಿ ಇಟ್ಟದ್ದು. ನಿಜದ ಕಾಲೇಜಿನ ಗೋಡೆ ಯಾಕೆ ಹಾಗಿದೆ ಎಂದರೆ ಲೋಕೋಪಯೋಗಿ ಇಲಾಖೆ, ಅನುದಾನ, ಗುತ್ತಿಗೆದಾರ ಎಂದು ಹತ್ತು ಕಾರಣ ಹೇಳಬಹುದು. ಇಲ್ಲಿ ಆ ಸಬೂಬು ಇಲ್ಲ. ಕಲಿಕೆ ಎಂದರೆ ಏನು ಎಂದು ಕಟ್ಟಿದವರು ನಂಬಿದ್ದರೋ ಅದೇ ಗೋಡೆಯಾಗಿ ನಿಂತಿದೆ. ಒಂದು ಕವಿತೆಯನ್ನು ಓದಿದಷ್ಟೇ ಅನುಮಾನದಿಂದ ಇವನ್ನೂ ಓದಬಹುದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದ ಲಿಂಡೆನ್ ಲ್ಯಾಬ್ ಕಂಪನಿ ಸೆಕೆಂಡ್ ಲೈಫನ್ನು ತೆರೆದದ್ದು 2003ರಲ್ಲಿ. ಅದರ ಸ್ಥಾಪಕ ಫಿಲಿಪ್ ರೋಸ್‌ಡೇಲ್. ಇದು ಆಟವಲ್ಲ. ಗೆಲ್ಲುವುದು ಸೋಲುವುದು ಇಲ್ಲ, ಅಂಕವೂ ಇಲ್ಲ. ನೆಲ ಕೊಂಡುಕೊಳ್ಳಬೇಕು, ಅದರ ಮೇಲೆ ಬೇಕಾದ್ದನ್ನು ಕಟ್ಟಬೇಕು. ಒಂದು ದ್ವೀಪವೆಂದರೆ 256 ಮೀಟರ್ ಉದ್ದ, 256 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ 16 ಎಕರೆಯಷ್ಟು. ನೀಲ್ ಸ್ಟೀಫನ್‌ಸನ್ 1992ರ ತನ್ನ 'ಸ್ನೋ ಕ್ರ್ಯಾಶ್' ಕಾದಂಬರಿಯಲ್ಲಿ 'ಮೆಟಾವರ್ಸ್' ಎಂಬ ಮಾತನ್ನು ಟಂಕಿಸಿದ್ದ. ಕಾದಂಬರಿಯ ಕಲ್ಪನೆ ಹತ್ತೇ ವರ್ಷದಲ್ಲಿ ಕ್ರಯಪತ್ರದ ಮಟ್ಟಕ್ಕೆ ಇಳಿದುಬಂತು. ಆ ಕಾದಂಬರಿ ಬಣ್ಣಿಸಿದ್ದು ಒಂದು ಕೆಟ್ಟ ಭವಿಷ್ಯವನ್ನು. ಅದನ್ನು ನೀಲನಕ್ಷೆ ಎಂದು ಓದಿಕೊಂಡವರ ಉತ್ಸಾಹ ನನಗೆ ಇವತ್ತಿಗೂ ಒಗಟು.

2006ರ ಕೊನೆಯಲ್ಲಿ ಹಾರ್ವರ್ಡ್ ಕಾನೂನು ಶಾಲೆ 'ಸೈಬರ್‌ಒನ್' ಎಂಬ ಕೋರ್ಸನ್ನು ಇಲ್ಲಿ ನಡೆಸಿತು. ಕಲಿಸಿದವರು ಚಾರ್ಲ್ಸ್ ನೆಸನ್ ಮತ್ತು ಅವರ ಮಗಳು ರೆಬೆಕಾ ನೆಸನ್. ಕಾನೂನು ಶಾಲೆಯ ವಿದ್ಯಾರ್ಥಿಗಳು ಕೇಂಬ್ರಿಡ್ಜಿನ ತರಗತಿಯಲ್ಲಿ ಕೂತರೆ, ಎಕ್ಸ್‌ಟೆನ್ಷನ್ ಶಾಲೆಯ ವಿದ್ಯಾರ್ಥಿಗಳು ದೂರದೂರದಿಂದ ಬರ್ಕ್‌ಮನ್ ದ್ವೀಪಕ್ಕೆ ಬಂದು ಸೇರುತ್ತಿದ್ದರು. ಆಸಕ್ತಿಯಿದ್ದ ಹೊರಗಿನವರಿಗೂ ಬಾಗಿಲು ತೆರೆದಿತ್ತು. ಇದು ಸಣ್ಣ ಸಂಗತಿಯಲ್ಲ. ಹಾರ್ವರ್ಡಿನ ಹೊಸ್ತಿಲು ಎಷ್ಟು ಎತ್ತರವೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಆದರೆ ಆ ದ್ವೀಪದ ಮೇಲೆ ಎದ್ದು ನಿಂತದ್ದು ಕಾನೂನು ಶಾಲೆಯ ಆಸ್ಟಿನ್ ಹಾಲ್‌ನ ನಕಲು, ಒಳಗೆ ಅಣಕು ನ್ಯಾಯಾಲಯದ ಸಭಾಂಗಣದ ನಕಲು. ಹೊಸ್ತಿಲು ತೆಗೆದರು, ಕಟ್ಟಡ ಬಿಡಲಾಗಲಿಲ್ಲ.

ಕುರ್ಚಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಹೊಸದಾಗಿ ಬಂದವನಿಗೆ ನಡೆಯುವುದೇ ಕಷ್ಟ. ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ, ಕೆರೆಗೆ ಬೀಳುತ್ತಾನೆ, ಮಾತಾಡುವವರಿಗೆ ಬೆನ್ನು ಹಾಕಿ ನಿಂತಿರುತ್ತಾನೆ. ಇಪ್ಪತ್ತು ಜನ ಹೀಗೆ ದಿಕ್ಕಿಗೊಬ್ಬರಂತೆ ತೇಲಾಡುತ್ತಿದ್ದರೆ ಪಾಠ ಎಲ್ಲಿಂದ ಶುರುಮಾಡುವುದು? ಕುರ್ಚಿಯ ಮೇಲೆ ಕ್ಲಿಕ್ ಮಾಡಿದರೆ ದೇಹ ತೆಪ್ಪಗೆ ಕೂರುತ್ತದೆ, ಮುಖ ಮುಂದಕ್ಕೆ ತಿರುಗುತ್ತದೆ. 'ತರಗತಿ ಶುರುವಾಯಿತು' ಎಂದು ಹೇಳುವ ಕೆಲಸವನ್ನು ಕುರ್ಚಿ ಮಾಡುತ್ತದೆ. ನಲವತ್ತು ಜನರ ತರಗತಿಯನ್ನು ಸುಮ್ಮನಾಗಿಸಲು ಹತ್ತು ನಿಮಿಷ ಕಳೆದುಕೊಂಡ ಯಾವ ಮೇಷ್ಟ್ರೂ ಇದನ್ನು ನೋಡಿ ನಗಲಾರರು. ನಾನೂ ನಗುತ್ತಿಲ್ಲ. ಆದರೆ ಆ ಕುರ್ಚಿ ಬೇರೇನೂ ಆಗದೆ ಕುರ್ಚಿಯಾಗಿಯೇ ಉಳಿದದ್ದು ಯಾಕೆ ಎಂಬ ಪ್ರಶ್ನೆ ಮಾತ್ರ ಹೋಗುವುದಿಲ್ಲ.

ಈ ಪ್ರಶ್ನೆ ನನಗೆ ಹುಟ್ಟಿದ್ದು ತಾಳಮದ್ದಲೆಯಿಂದ. ಕರಾವಳಿ, ಮಲೆನಾಡಿನ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ, ಪಂಚೆ ಶಾಲು ಹೊದ್ದ ಅರ್ಥಧಾರಿ ಕೂತಲ್ಲೇ ಮಾತಾಡುತ್ತಾನೆ. 'ನಾನು ಕೌರವ' ಎಂದು ಶುರುವಾದ ಹತ್ತು ನಿಮಿಷಕ್ಕೆ ಎದುರಿಗೆ ದ್ವೈಪಾಯನ ಸರೋವರ ಹರಡಿಕೊಳ್ಳುತ್ತದೆ, ಚಳಿಯೂ ಆಗುತ್ತದೆ. ಅಲ್ಲಿಯೂ ಕುರ್ಚಿ ಇರುತ್ತದೆ, ಹೆಚ್ಚಾಗಿ ಶಾಮಿಯಾನದವನು ಬಾಡಿಗೆಗೆ ಕೊಟ್ಟ ಪ್ಲಾಸ್ಟಿಕ್ ಕುರ್ಚಿ. ಒಂದು ಮಾತಿಗೆ ಅದು ಸಿಂಹಾಸನ, ಇನ್ನೊಂದು ಮಾತಿಗೆ ತೊಡೆ ಮುರಿದು ಬಿದ್ದ ನೆಲ. ಲೋಕ ಕಟ್ಟುವ ಕೆಲಸದಲ್ಲಿ ಅರ್ಧ ಪಾಲು ಕೇಳುಗನದು. ಹಾಗಾಗಿ ಅವನು ತೂಕಡಿಸಲಾರ.

ಕಂಪ್ಯೂಟರಿನ ಲೋಕಗಳೂ ತಾಳಮದ್ದಲೆಯಾಗಿಯೇ ಶುರುವಾದವು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು 'ಮಡ್' ಎಂಬ ಲೋಕವನ್ನು ಕಟ್ಟತೊಡಗಿದರು. ಅದರಲ್ಲಿ ಒಂದೇ ಒಂದು ಚಿತ್ರವಿರಲಿಲ್ಲ, ಬರೀ ಅಕ್ಷರ. 'ನೀನು ಒಂದು ಕಿರಿದಾದ ದಾರಿಯಲ್ಲಿ ನಿಂತಿದ್ದೀ' ಎಂಬಂಥ ಸಾಲು ಪರದೆಯ ಮೇಲೆ ಬಂದರೆ ದಾರಿ ಹುಟ್ಟಿತು. 1990ರಲ್ಲಿ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ 'ಲ್ಯಾಂಬ್ಡಾಮೂ' ತೆರೆದ. ಇಲ್ಲಿ ಬಂದವರೆಲ್ಲ ತಮ್ಮ ಕೋಣೆಯನ್ನು ತಾವೇ ಕಟ್ಟಬಹುದಿತ್ತು. ಕಟ್ಟುವುದೆಂದರೆ ಬರೆಯುವುದು. 1993ರಲ್ಲಿ ಎಂಐಟಿಯಲ್ಲಿ ಏಮಿ ಬ್ರಕ್‌ಮನ್ ಇದೇ ಮಾದರಿಯಲ್ಲಿ ಮಾಧ್ಯಮ ಸಂಶೋಧಕರಿಗಾಗಿ 'ಮೀಡಿಯಾಮೂ' ಕಟ್ಟಿದರು. ಸಾಹಿತ್ಯ, ಬರವಣಿಗೆ ಕಲಿಸುವವರು ಇಂಥ ಲೋಕಗಳಿಗೆ ತಮ್ಮ ವಿದ್ಯಾರ್ಥಿಗಳನ್ನು ಕರೆತಂದದ್ದು ಸಹಜವೇ ಆಗಿತ್ತು. ಒಂದು ಬಾಗಿಲು ಇಡಬೇಕಾದರೂ ವಿದ್ಯಾರ್ಥಿ ಒಂದು ಒಳ್ಳೆಯ ವಾಕ್ಯ ಬರೆಯಬೇಕು. ಸಪ್ಪೆ ವಾಕ್ಯ ಬರೆದರೆ ಕೋಣೆಯೂ ಸಪ್ಪೆ. ಬರವಣಿಗೆಗೆ ಇದಕ್ಕಿಂತ ನೇರವಾದ ಫಲಿತಾಂಶ ಕೊಡುವ ತರಗತಿಯನ್ನು ನಾನು ಕಂಡಿಲ್ಲ.

ಆಮೇಲೆ ಚಿತ್ರ ಬಂತು, ಮೂರು ಆಯಾಮ ಬಂತು, ಕೂದಲಿನ ಬಣ್ಣ ಆರಿಸುವ ಪಟ್ಟಿ ಬಂತು. ತಾಳಮದ್ದಲೆ ಹೋಗಿ ಬಯಲಾಟ ಬಂತು ಎನ್ನೋಣವೆಂದರೆ ಅದು ಬಯಲಾಟಕ್ಕೆ ಮಾಡುವ ಅನ್ಯಾಯ. ಬಯಲಾಟದ ವೇಷ ನಿಜದ ಬಟ್ಟೆಯ ನಕಲಲ್ಲ, ಯಾವ ರಾಜನೂ ಅಂಥ ಕಿರೀಟ ತೊಟ್ಟಿರಲಿಲ್ಲ. ಸೆಕೆಂಡ್ ಲೈಫಿನ ವಿಶ್ವವಿದ್ಯಾಲಯಗಳು ತಂದದ್ದು ಕಂಪನಿ ನಾಟಕದ ಪರದೆ. ಅರಮನೆ ಅರಮನೆಯ ಹಾಗೇ ಕಾಣಬೇಕು, ಗ್ರಂಥಾಲಯ ಗ್ರಂಥಾಲಯದ ಹಾಗೇ ಕಾಣಬೇಕು. ಕಂಡಮೇಲೆ ನೋಡುಗನಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ಎಲ್ಲವೂ ಹೀಗೇ ಎಂದರೆ ತಪ್ಪಾಗುತ್ತದೆ. ಆ ಕಾಲದಲ್ಲಿ ಹುಟ್ಟಿದ ಮೂರು ನಾಲ್ಕು ಕೃತಿಗಳು ನನ್ನನ್ನು ಬಹಳ ಯೋಚನೆಗೆ ಹಚ್ಚಿವೆ.

ಟೆಕ್ಸಸ್ ವೆಸ್ಲಿಯನ್ ವಿಶ್ವವಿದ್ಯಾಲಯದ ಜೀವಶಾಸ್ತ್ರದ ಪ್ರಾಧ್ಯಾಪಕಿ ಮೇರಿ ಆನ್ ಕ್ಲಾರ್ಕ್ 'ಜೀನೋಮ್ ಐಲ್ಯಾಂಡ್' ಕಟ್ಟಿದರು. ಅಲ್ಲೊಂದು ಕ್ರೈಸ್ತ ಮಠ, ಮಠಕ್ಕೊಂದು ತೋಟ, ತೋಟದಲ್ಲಿ ಬಟಾಣಿ. ಗ್ರೆಗರ್ ಮೆಂಡಲ್‌ನ ತೋಟ ಅದು. ವಿದ್ಯಾರ್ಥಿ ಗಿಡಗಳನ್ನು ಅಡ್ಡತಳಿ ಮಾಡುತ್ತಾನೆ, ಕಾಳು ಎಣಿಸುತ್ತಾನೆ, ಅನುಪಾತ ಲೆಕ್ಕ ಹಾಕುತ್ತಾನೆ. ಇಲ್ಲಿ ಕುರ್ಚಿ ಬೇಕಿಲ್ಲ, ಕೈಗೆ ಕೆಲಸವಿದೆ. ಜೀವಶಾಸ್ತ್ರದ ಪ್ರಯೋಗಾಲಯಕ್ಕೆ ಬರಲಾಗದವನಿಗೆ ಇದು ದೊಡ್ಡ ಉಪಕಾರ. ಪಠ್ಯಪುಸ್ತಕದ ಚೌಕಟ್ಟಿನಲ್ಲಿ ಬಾಯಿಪಾಠವಾಗಿದ್ದ '3:1' ಇಲ್ಲಿ ತಾನೇ ಎಣಿಸಿ ಕಂಡ ಸಂಖ್ಯೆಯಾಗುತ್ತದೆ.

ಆದರೂ ಎರಡು ತಕರಾರು. ಮೆಂಡಲ್ ಬಟಾಣಿಯ ಜೊತೆ ಎಂಟು ವರ್ಷ ಕಳೆದ, 1856ರಿಂದ 1863ರವರೆಗೆ. ದ್ವೀಪದ ಬಟಾಣಿ ಕ್ಷಣದಲ್ಲಿ ಕಾಯಿ ಬಿಡುತ್ತದೆ. ಎಂಟು ವರ್ಷ ಕಾಯಿಸಿ ಎಂದು ಯಾರೂ ಕೇಳುತ್ತಿಲ್ಲ, ಸೆಮಿಸ್ಟರ್ ಪದ್ಧತಿಯಲ್ಲಿ ಮೆಂಡಲನೂ ನಪಾಸಾಗುತ್ತಿದ್ದ. ಆದರೆ ಆ ಸಂಶೋಧನೆಯ ಒಡಲಲ್ಲಿ ಕಾಯುವಿಕೆ ಇತ್ತು ಎಂಬುದನ್ನು ದ್ವೀಪ ಮರೆಸಿಬಿಡುತ್ತದೆ. ಎರಡನೆಯದು ಇನ್ನೂ ಆಳದ್ದು. ಮೆಂಡಲ್ ಎಣಿಸಿದಾಗ 5474 ಗುಂಡು ಕಾಳು, 1850 ಸುಕ್ಕು ಕಾಳು ಸಿಕ್ಕಿದ್ದವು. ಆ ಬಟಾಣಿಗೆ ನಿಯಮ ಗೊತ್ತಿರಲಿಲ್ಲ, ಮೆಂಡಲನಿಗೂ ಗೊತ್ತಿರಲಿಲ್ಲ. ದ್ವೀಪದ ಬಟಾಣಿಗೆ ನಿಯಮ ಮೊದಲೇ ಗೊತ್ತು. ಅದನ್ನು ಪ್ರೋಗ್ರಾಮಿನಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿ ವಿದ್ಯಾರ್ಥಿ ಪತ್ತೆಹಚ್ಚುವುದು ನಿಸರ್ಗದ ಗುಟ್ಟನ್ನಲ್ಲ, ಕಟ್ಟಿದವರ ಮನಸ್ಸಿನಲ್ಲಿದ್ದುದನ್ನು. ಕಾದಂಬರಿ ಓದುವುದೂ ಹೀಗೇ ಅಲ್ಲವೇ ಎನ್ನಬಹುದು. ಹೌದು, ಆದರೆ ಕಾದಂಬರಿ ತಾನು ಯಾರೋ ಬರೆದದ್ದು ಎಂಬುದನ್ನು ಮುಖಪುಟದಲ್ಲೇ ಒಪ್ಪಿಕೊಳ್ಳುತ್ತದೆ. ತೋಟ ಒಪ್ಪಿಕೊಳ್ಳುವುದಿಲ್ಲ. ಈ ಲೋಕಗಳಲ್ಲಿ ವಿಜ್ಞಾನ ಕಲಿಸುವವರು ವಿದ್ಯಾರ್ಥಿಗೆ ಮೊದಲು ಕೇಳಬೇಕಾದ ಪ್ರಶ್ನೆ, 'ಈ ಗಿಡವನ್ನು ಬರೆದವರು ಯಾರು?'

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಮನೋವೈದ್ಯ ಪೀಟರ್ ಯೆಲ್ಲೊಲೀಸ್ ಕಟ್ಟಿಸಿದ 'ವರ್ಚುವಲ್ ಹ್ಯಾಲುಸಿನೇಷನ್ಸ್' ಇದಕ್ಕಿಂತ ಬೇರೆ ಜಾತಿಯದು. ಸ್ಕಿಜೋಫ್ರೀನಿಯಾ ಇರುವವರ ಜೊತೆ ಮಾತಾಡಿ, ಅವರು ಕಂಡದ್ದನ್ನು, ಕೇಳಿದ್ದನ್ನು ಒಂದು ಆಸ್ಪತ್ರೆಯೊಳಗೆ ಜೋಡಿಸಿದರು. ನೀವು ನಡೆಯುತ್ತಿದ್ದಂತೆ ಒಂದು ದನಿ ನಿಮ್ಮನ್ನು ಹೀನಾಯವಾಗಿ ಬಯ್ಯತೊಡಗುತ್ತದೆ. ಗೋಡೆಯ ಮೇಲಿನ ಪ್ರಕಟಣೆಯ ಅಕ್ಷರಗಳು ನೋಡನೋಡುತ್ತ ಬದಲಾಗುತ್ತವೆ. ಪತ್ರಿಕೆಯ ಪುಟದಲ್ಲಿ 'ಸಾವು' ಎಂಬ ಪದವೊಂದೇ ಎದ್ದು ಕಾಣುತ್ತದೆ. ಕಾಲಕೆಳಗಿನ ನೆಲ ಕಳಚಿ ಬೀಳುತ್ತದೆ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಅಲ್ಲಿಗೆ ಹೋಗಿಬಂದು ಪ್ರಶ್ನಾವಳಿ ತುಂಬಿದ 500ಕ್ಕೂ ಹೆಚ್ಚು ಜನರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ, ಇಲ್ಲದ ದನಿ ಕೇಳುವುದು ಎಂದರೇನು ಎಂಬುದು ತಮಗೆ ಮೊದಲಿಗಿಂತ ಚೆನ್ನಾಗಿ ಅರ್ಥವಾಯಿತು ಎಂದರು.

ಇಲ್ಲಿ ನಾನು ತಲೆಬಾಗುತ್ತೇನೆ. ರೋಗದ ಲಕ್ಷಣಗಳ ಪಟ್ಟಿಯನ್ನು ಉರುಹೊಡೆದ ವೈದ್ಯಕೀಯ ವಿದ್ಯಾರ್ಥಿಗೆ, ತನ್ನೆದುರು ಕೂತು ಅತ್ತಿತ್ತ ನೋಡುತ್ತಿರುವ ರೋಗಿ ಯಾಕೆ ತನ್ನ ಪ್ರಶ್ನೆಗೆ ಉತ್ತರಿಸುತ್ತಿಲ್ಲ ಎಂಬುದು ಹೊಳೆಯಲು ಇದು ಸಾಕು. ಈ ಕಲಿಕೆ ಬೇರೆ ಎಲ್ಲೂ ಸಾಧ್ಯವಿಲ್ಲ, ತನ್ನ ಮೈಯೊಳಗೆ ಕೂತು ಕಲಿಯುವಂಥದ್ದಲ್ಲ ಅದು. ಆದರೂ 'ಅರ್ಥವಾಯಿತು' ಎಂದವರು ಹೇಳಿದ್ದನ್ನು ಪೂರ್ತಿ ನಂಬಲು ಮನಸ್ಸು ಒಪ್ಪುವುದಿಲ್ಲ. ಅವರಿಗೆಲ್ಲ ಪರದೆಯ ಮೂಲೆಯಲ್ಲಿ ಮುಚ್ಚುವ ಗುಂಡಿ ಇತ್ತು. ಆ ಗುಂಡಿ ಇಲ್ಲದಿರುವುದೇ ಆ ರೋಗ.

ಮೂರನೆಯದು ಸಾಹಿತ್ಯದವರಿಗೆ ಹತ್ತಿರದ್ದು. ಬ್ರಯನ್ ಕಾರ್ಟರ್ ಎಂಬ ಸಾಹಿತ್ಯದ ಅಧ್ಯಾಪಕ 1990ರ ದಶಕದಲ್ಲೇ, ಅಂದರೆ ಸೆಕೆಂಡ್ ಲೈಫ್ ಹುಟ್ಟುವ ಮೊದಲೇ, ಮಿಸೌರಿಯಲ್ಲಿ 'ವರ್ಚುವಲ್ ಹಾರ್ಲೆಮ್' ಶುರುಮಾಡಿದರು. ಮುಂದೆ ಅದು ಸೆಕೆಂಡ್ ಲೈಫಿಗೂ ಬಂತು. 1920ರ ದಶಕದ ನ್ಯೂಯಾರ್ಕಿನ ಹಾರ್ಲೆಮ್, ಲ್ಯಾಂಗ್‌ಸ್ಟನ್ ಹ್ಯೂಸ್, ಝೋರಾ ನೀಲ್ ಹರ್‌ಸ್ಟನ್ ಓಡಾಡಿದ ಬೀದಿಗಳು. ಆಫ್ರಿಕನ್ ಅಮೆರಿಕನ್ ಸಾಹಿತ್ಯದ ವಿದ್ಯಾರ್ಥಿಗಳು ಕವಿತೆ ಓದುವ ಮುನ್ನ ಆ ಬೀದಿಯಲ್ಲಿ ನಡೆಯಬೇಕು, ಜಾಝ್ ಕೇಳಬೇಕು ಎಂಬುದು ಅವರ ಆಸೆ. ಕವಿತೆಗೆ ಊರು ಬೇಕು ಎಂಬ ಮಾತನ್ನು ಬೇಂದ್ರೆಯವರನ್ನು ಸಾಧನಕೇರಿಯಿಂದ ಬಿಡಿಸಿ ಓದಲಾಗದ ನಾವು ಅಲ್ಲಗಳೆಯುವಂತಿಲ್ಲ.

ನನ್ನ ಗಮನ ಹೋಗುವುದು ಆ ಕಾಲದ ಹಾರ್ಲೆಮಿನ ಕಾಟನ್ ಕ್ಲಬ್ಬಿನ ಬಾಗಿಲಿಗೆ. ಆ ಕ್ಲಬ್ಬಿನಲ್ಲಿ ಹಾಡುವವರು, ಕುಣಿಯುವವರು ಕಪ್ಪು ಜನ. ಎದುರಿಗೆ ಕೂತು ನೋಡುವವರು ಬಿಳಿಯರು ಮಾತ್ರ. ಡ್ಯೂಕ್ ಎಲಿಂಗ್ಟನ್ ಅಲ್ಲಿ ವಾದ್ಯವೃಂದ ನಡೆಸುತ್ತಿದ್ದ, ಆದರೆ ಅವನದೇ ಬಣ್ಣದ ನೆರೆಮನೆಯವನು ಗಿರಾಕಿಯಾಗಿ ಒಳಗೆ ಹೋಗುವಂತಿರಲಿಲ್ಲ. ಈ ಬಾಗಿಲನ್ನು ಮರುನಿರ್ಮಿಸುವುದು ಹೇಗೆ? ಎಲ್ಲರನ್ನೂ ಒಳಗೆ ಬಿಟ್ಟರೆ ಅದು ಸಂಗೀತದ ಪಾಠವಾಗುತ್ತದೆ, ಚರಿತ್ರೆಯ ಪಾಠವಾಗುವುದಿಲ್ಲ. ಬಣ್ಣ ನೋಡಿ ತಡೆದರೆ, ತನ್ನ ಅಜ್ಜನನ್ನು ತಡೆದ ಬಾಗಿಲೇ ಮೊಮ್ಮಗನನ್ನೂ ತರಗತಿಯಲ್ಲಿ ತಡೆಯುತ್ತದೆ, ಅದೂ ಅಂಕಕ್ಕಾಗಿ. ಅವತಾರ ಬದಲಿಸಿಕೊಂಡು ಒಳಗೆ ಹೋಗು ಎಂದರೆ ಇನ್ನೊಂದು ಬಗೆಯ ಸುಳ್ಳು. ನಮ್ಮಲ್ಲಿ ಯಾರಾದರೂ ನಾಳೆ ಒಂದು ಹಳೆಯ ಅಗ್ರಹಾರವನ್ನೋ ಒಂದು ಬಾವಿಕಟ್ಟೆಯನ್ನೋ ಪಾಠಕ್ಕಾಗಿ ಹೀಗೆ ಕಟ್ಟಹೊರಟರೆ ಇದೇ ಪ್ರಶ್ನೆ ಎದುರಾಗುತ್ತದೆ. ಕಲ್ಲು, ಹಂಚು, ರಂಗೋಲಿಯನ್ನು ಅಚ್ಚುಕಟ್ಟಾಗಿ ನಕಲು ಮಾಡಬಹುದು. ಯಾರು ಎಲ್ಲಿ ನಿಲ್ಲಬೇಕಿತ್ತು ಎಂಬ ಅಳತೆಯನ್ನು ಯಾವ ಸಾಫ್ಟ್‌ವೇರಿಗೆ ಕೊಡುವುದು? ಕೊಡದಿದ್ದರೆ ಅದು ಪ್ರವಾಸೋದ್ಯಮ ಇಲಾಖೆಯ ಜಾಹೀರಾತು.

'ಅವತಾರ' ಎಂಬ ಪದವನ್ನು ಬಳಸಿಬಿಟ್ಟೆ. ಈ ಲೋಕದಲ್ಲಿ ನಮ್ಮ ಪರವಾಗಿ ಓಡಾಡುವ ಬೊಂಬೆಗೆ ಅದೇ ಹೆಸರು. 1986ರಲ್ಲಿ ಲೂಕಸ್‌ಫಿಲ್ಮ್ ಕಂಪನಿಯ 'ಹ್ಯಾಬಿಟ್ಯಾಟ್' ಎಂಬ ಲೋಕದಲ್ಲಿ ಈ ಅರ್ಥದಲ್ಲಿ ಅದು ಬಳಕೆಗೆ ಬಂತು, ಸ್ಟೀಫನ್‌ಸನ್ ಕಾದಂಬರಿಯಿಂದ ಊರೆಲ್ಲ ಹಬ್ಬಿತು. ನಮ್ಮ ಕಿವಿಗೆ ಈ ಪದ ಸರಿ ಹೊಂದುವುದಿಲ್ಲ. ಅವತಾರವೆಂದರೆ ಇಳಿದುಬರುವುದು. ಹುಟ್ಟಬೇಕು, ಹಸಿಯಬೇಕು, ಹೆಂಡತಿಯನ್ನು ಕಳೆದುಕೊಂಡು ಗಿಡಮರಗಳನ್ನು ಕೇಳಿಕೊಂಡು ಅಲೆಯಬೇಕು. ಸೆಕೆಂಡ್ ಲೈಫಿಗೆ ಹೋಗುವವರು ಇಳಿಯುತ್ತಿಲ್ಲ, ಹತ್ತುತ್ತಿದ್ದಾರೆ. ಅವರಿಗೆ ಒಪ್ಪುವ ಪದ ಪರಕಾಯ ಪ್ರವೇಶ.

ಆ ಪದದ ಜೊತೆ ನಮಗೆ ಒಂದು ಕಥೆಯೂ ಇದೆ. ಶಂಕರವಿಜಯದಲ್ಲಿ ಮಂಡನಮಿಶ್ರರ ಹೆಂಡತಿ ಉಭಯಭಾರತಿ ಶಂಕರರಿಗೆ ಗೃಹಸ್ಥನಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳುತ್ತಾಳೆ. ಸನ್ಯಾಸಿಯ ದೇಹದಲ್ಲಿ ಅದಕ್ಕೆ ಉತ್ತರವಿಲ್ಲ. ಶಂಕರರು ಗಡುವು ಕೇಳಿ, ಆಗಷ್ಟೇ ಸತ್ತ ಅಮರುಕ ಎಂಬ ರಾಜನ ದೇಹವನ್ನು ಹೊಕ್ಕು ಕಲಿಯುತ್ತಾರೆ. ಅವರು ಬಿಟ್ಟುಹೋದ ದೇಹವನ್ನು ಶಿಷ್ಯರು ಗುಹೆಯಲ್ಲಿ ಕಾಯುತ್ತಾರೆ. ರಾಜದೇಹದಲ್ಲಿ ಗುರು ತನ್ನನ್ನೇ ಮರೆತಾಗ ಅದೇ ಶಿಷ್ಯರು ಹೋಗಿ ಎಚ್ಚರಿಸಬೇಕಾಗುತ್ತದೆ. ಈ ಕಥೆಯ ಚಾರಿತ್ರಿಕತೆ ಇಲ್ಲಿ ಮುಖ್ಯವಲ್ಲ. ಬೇರೊಂದು ದೇಹದಲ್ಲಿ ಕಲಿಯುವುದರ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಥೆ ನನಗೆ ಬೇರೆ ಗೊತ್ತಿಲ್ಲ. ಹೋದವನಿಗೆ ತಾನು ಏನು ಕಲಿಯಲು ಹೊರಟಿದ್ದೇನೆ ಎಂಬ ಪ್ರಶ್ನೆ ಕೈಯಲ್ಲಿತ್ತು, ಮತ್ತು ಆ ಪ್ರಶ್ನೆಯನ್ನು ಕೇಳಿದವಳು ಎದುರಾಳಿ. ಯೆಲ್ಲೊಲೀಸರ ಆಸ್ಪತ್ರೆಗೆ ಹೋಗುವವನ ಕೈಯಲ್ಲಿ ಪ್ರಶ್ನೆ ಇದೆ. ಆಸ್ಟಿನ್ ಹಾಲ್‌ನ ನಕಲಿನಲ್ಲಿ ಕೂತವನ ಪ್ರಶ್ನೆಗೆ ಆ ದೇಹ ಬೇಕಿರಲೇ ಇಲ್ಲ. ದೂರವಾಣಿ ಸಾಕಿತ್ತು.

ಬಿಟ್ಟುಹೋದ ದೇಹವನ್ನು ಯಾರು ಕಾಯುತ್ತಾರೆ ಎಂಬುದನ್ನು ಈ ವಿಷಯದ ಮೇಲಿನ ಬರಹಗಳು ಹೆಚ್ಚಾಗಿ ಕೇಳುವುದಿಲ್ಲ. ಮಾನವಶಾಸ್ತ್ರಜ್ಞ ಟಾಮ್ ಬೆಲ್‌ಸ್ಟಾರ್ಫ್ 2008ರಲ್ಲಿ ಪ್ರಕಟಿಸಿದ 'ಕಮಿಂಗ್ ಆಫ್ ಏಜ್ ಇನ್ ಸೆಕೆಂಡ್ ಲೈಫ್' ಈ ಲೋಕದ ಬಗ್ಗೆ ಬಂದ ಪುಸ್ತಕಗಳಲ್ಲಿ ಬಹಳ ಗಂಭೀರವಾದದ್ದು. ಮಾರ್ಗರೆಟ್ ಮೀಡ್ ಸಮೋವಾಕ್ಕೆ ಹೋದ ಹಾಗೆ ಅವರು ಸೆಕೆಂಡ್ ಲೈಫಿಗೆ ಹೋಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕ್ಷೇತ್ರಕಾರ್ಯ ಮಾಡಿದರು. ಅಲ್ಲಿನ ಜನರನ್ನು ಅಲ್ಲಿಯೇ, ಅವರ ಅವತಾರಗಳಲ್ಲಿಯೇ ಅರಿಯಬೇಕು ಎಂದು ಹಟ ಹಿಡಿದರು. ಕಲ್ಪಿತ ಲೋಕವೆಂದು ಮೂಗು ಮುರಿಯುವವರಿಗೆ ಆ ಪುಸ್ತಕ ಒಳ್ಳೆಯ ಮದ್ದು. ಆದರೆ ಕೀಲಿಮಣೆಯ ಈಚೆಗಿರುವವರನ್ನು ಬೇಕೆಂದೇ ಹೊರಗಿಟ್ಟ ಆ ವಿಧಾನ ಸಂಶೋಧನೆಗೆ ಸಲ್ಲಬಹುದು, ಕಲಿಸುವವನಿಗೆ ಸಲ್ಲುವುದಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯದ ಕಡೆಯ ಒಂದು ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ನೆಟ್‌ವರ್ಕ್ ಸಿಗುವ ರಸ್ತೆಯ ಬದಿಯಲ್ಲಿ ಹುಡುಗಿಯೊಬ್ಬಳು ಮೊಬೈಲು ಹಿಡಿದು ಆನ್‌ಲೈನ್ ತರಗತಿ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ತರಗತಿಯ ಪಟ್ಟಿಯಲ್ಲಿ ಆ ಹುಡುಗಿ 'ಹಾಜರು'. ಕೊಡೆ ಹಿಡಿದವನ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ.

ಇನ್ನು ನೆಲದ ವಿಚಾರ. ದ್ವೀಪಕ್ಕೆ ತಿಂಗಳ ಬಾಡಿಗೆ 295 ಡಾಲರ್ ಇದ್ದ ಕಾಲದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಅರ್ಧ ರಿಯಾಯಿತಿ ಇತ್ತು. 2010ರ ಅಕ್ಟೋಬರಿನಲ್ಲಿ ಲಿಂಡೆನ್ ಲ್ಯಾಬ್, ಮುಂದಿನ ಜನವರಿಯಿಂದ ಆ ರಿಯಾಯಿತಿ ಇಲ್ಲವೆಂದು ಪ್ರಕಟಿಸಿತು. ವಿಶ್ವವಿದ್ಯಾಲಯದ ಬಜೆಟ್ ವರ್ಷದ ನಡುವೆ ಬದಲಾಗುವಂಥದ್ದಲ್ಲ ಎಂಬುದು ಕಂಪನಿಗೆ ಗೊತ್ತಿರಲಿಲ್ಲವೆಂದು ಹೇಳಲಾಗದು. ಹಲವರು ಗಂಟುಮೂಟೆ ಕಟ್ಟಿದರು. ಕೆಲವರು ಓಪನ್‌ಸಿಮ್ ಎಂಬ ಮುಕ್ತ ತಂತ್ರಾಂಶಕ್ಕೆ, ತಮ್ಮದೇ ಸರ್ವರುಗಳಿಗೆ ಹೋದರು. ಎಷ್ಟೋ ದ್ವೀಪಗಳು ಸುಮ್ಮನೆ ಇಲ್ಲವಾದವು. 2013ರಲ್ಲಿ ರಿಯಾಯಿತಿ ವಾಪಸು ಬಂತು, ಹೋದವರೆಲ್ಲ ವಾಪಸು ಬರಲಿಲ್ಲ. ಬಾಡಿಗೆ ನಿಂತ ದ್ವೀಪ ಪಾಳು ಬೀಳುವುದಿಲ್ಲ ಎಂಬುದನ್ನು ಗಮನಿಸಬೇಕು. ಹಂಪೆಯಲ್ಲಿ ಕಲ್ಲಾದರೂ ಉಳಿದಿದೆ. ಇಲ್ಲಿ ಕಂಬ, ಕುರ್ಚಿ, ವಿದ್ಯಾರ್ಥಿ ಬರೆದಿಟ್ಟ ಟಿಪ್ಪಣಿ, ಎಲ್ಲದರ ಜಾಗದಲ್ಲಿ ನೀರು ಮಾತ್ರ ಕಾಣುತ್ತದೆ. ನಾನು ಹಳೆಯ ಲೇಖನಗಳಲ್ಲಿ ಸಿಕ್ಕ ವಿಳಾಸಗಳನ್ನು ಹುಡುಕುತ್ತ ಹೋದಾಗ ಸಾಲುಸಾಲಾಗಿ ಸಿಕ್ಕಿದ್ದು 'ಇಂಥ ಸ್ಥಳವಿಲ್ಲ' ಎಂಬ ಉತ್ತರವೇ.

ಬಾಡಿಗೆ ಕಟ್ಟುತ್ತಿದ್ದರೂ ಭರವಸೆಯಿಲ್ಲ. ಕ್ಯಾಲಿಫೋರ್ನಿಯಾದ ವುಡ್‌ಬರಿ ವಿಶ್ವವಿದ್ಯಾಲಯದ ದ್ವೀಪವನ್ನು ಕಂಪನಿ 2007ರಲ್ಲಿ ಅಳಿಸಿಹಾಕಿತು. ಮತ್ತೆ ಕಟ್ಟಿದರು, 2010ರಲ್ಲಿ ಮತ್ತೆ ಅಳಿಸಿತು. ಅಲ್ಲಿ ಓಡಾಡುವ ಕೆಲವರು ಉಳಿದವರಿಗೆ ಕಿರುಕುಳ ಕೊಡುತ್ತಾರೆ ಎಂಬುದು ದೂರು. ದೂರಿನಲ್ಲಿ ಹುರುಳಿತ್ತೋ ಇಲ್ಲವೋ, ಆ ಜಗಳದಲ್ಲಿ ನನಗೆ ಪಕ್ಷವಿಲ್ಲ. ಆದರೆ ಪುಂಡ ಹುಡುಗರಿದ್ದಾರೆಂದು ಒಂದು ವಿಶ್ವವಿದ್ಯಾಲಯದ ಆವರಣವನ್ನೇ ನೆಲದ ಮಾಲೀಕ ಒಂದು ಮಧ್ಯಾಹ್ನ ಮಾಯ ಮಾಡಬಹುದಾದರೆ, ವಿಶ್ವವಿದ್ಯಾಲಯವೆಂಬ ಪದಕ್ಕೆ ಅಲ್ಲಿ ಅರ್ಥವೇನು? ಕುಲಪತಿ, ಶೈಕ್ಷಣಿಕ ಪರಿಷತ್ತು, ಮೇಲ್ಮನವಿ, ನೋಟಿಸು, ನಾವು ಬಯ್ದುಕೊಂಡು ಓಡಾಡುವ ಈ ಎಲ್ಲ ಕಾಗದಪತ್ರಗಳೂ ಯಾರೋ ಒಬ್ಬರ ಗುಂಡಿಗೆ ಅಡ್ಡ ನಿಲ್ಲಲೆಂದೇ ಹುಟ್ಟಿದವು.

2020ರಲ್ಲಿ ಲೋಕವೇ ಬಾಗಿಲು ಹಾಕಿಕೊಂಡಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ವಿದ್ಯಾರ್ಥಿಗಳು ಮೈನ್‌ಕ್ರಾಫ್ಟ್ ಆಟದೊಳಗೆ ತಮ್ಮ ಕ್ಯಾಂಪಸ್ಸನ್ನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದರು. 'ಬ್ಲಾಕ್ಲಿ' ಎಂದು ಹೆಸರಿಟ್ಟು, ಮೇ ತಿಂಗಳಲ್ಲಿ ಅಲ್ಲೇ ಘಟಿಕೋತ್ಸವದ ಸಮಾರಂಭವನ್ನೂ ಮಾಡಿಕೊಂಡರು. ಇದೂ ನಕಲೇ, ಇಲ್ಲಿಯೂ ಕುರ್ಚಿಗಳಿದ್ದವು. ಆದರೆ ಇದನ್ನು ನೋಡಿದಾಗ ನನಗೆ ಹಾರ್ವರ್ಡಿನ ದ್ವೀಪ ಕಂಡಾಗಿನ ಕಿರಿಕಿರಿ ಆಗಲಿಲ್ಲ. ಕಟ್ಟಿದವರು ಆಡಳಿತದವರಲ್ಲ, ಅಲ್ಲಿಗೆ ಕಾಲಿಡಲಾಗದ ಹುಡುಗ ಹುಡುಗಿಯರು. ಯಾವ ಮೆಟ್ಟಿಲಿನ ಎಷ್ಟನೇ ಕಲ್ಲು ಮುರಿದಿದೆ ಎಂದು ನೆನಪು ಮಾಡಿಕೊಂಡು ಕಟ್ಟುವವರ ನಕಲಿಗೂ, ಗುತ್ತಿಗೆ ಕೊಟ್ಟು ಕಟ್ಟಿಸುವವರ ನಕಲಿಗೂ ವ್ಯತ್ಯಾಸವಿದೆ. ಒಂದು ಹಂಬಲದ್ದು, ಇನ್ನೊಂದು ಜಾಹೀರಾತಿನದು. ಹಂಬಲದಿಂದ ಕಟ್ಟಿದ್ದರಲ್ಲಿ ಕಟ್ಟುವುದೇ ಪಾಠವಾಗಿತ್ತು, ಹಳೆಯ ಮೂಗಳಲ್ಲಿ ಬರೆಯುವುದೇ ಪಾಠವಾಗಿದ್ದ ಹಾಗೆ.

ಈಗ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟುಗಳ ಕಾಲ. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜು 2021ರಿಂದ ಇವುಗಳ ಮೂಲಕ ಪಾಠ ಮಾಡುತ್ತಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿ ಅಣುವನ್ನು ಕೈಯಲ್ಲಿ ಹಿಡಿದು ತಿರುಗಿಸಬಹುದು. ಅಣುವಿನ ಆಕಾರವನ್ನು ಕರಿಹಲಗೆಯ ಮೇಲೆ ಚಪ್ಪಟೆಯಾಗಿ ಬರೆದು, ಉಳಿದದ್ದನ್ನು ಊಹಿಸಿಕೊಳ್ಳಿ ಎಂದು ಕೈಬೀಸುವ ನನ್ನ ಸಹೋದ್ಯೋಗಿಗಳು ಇದನ್ನು ಕಂಡು ಆಸೆಪಡುವುದು ನ್ಯಾಯವೇ. ಅಮೆರಿಕದ ಹತ್ತು ವಿದ್ಯಾಸಂಸ್ಥೆಗಳಿಗೆ ಇಂಥ 'ಮೆಟಾವರ್ಸಿಟಿ'ಗಳನ್ನು ಕಟ್ಟಿಕೊಡುವ ಯೋಜನೆಯನ್ನು ವಿಕ್ಟರಿಎಕ್ಸ್‌ಆರ್ ಎಂಬ ಕಂಪನಿ 2022ರಲ್ಲಿ ಪ್ರಕಟಿಸಿತು. ಹೆಡ್‌ಸೆಟ್ಟುಗಳು ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಯವು. ಕಟ್ಟುವುದು ಏನನ್ನು ಎಂದರೆ ಆಯಾ ಕಾಲೇಜಿನ 'ಡಿಜಿಟಲ್ ಅವಳಿ'. ಅದೇ ಗೋಪುರ, ಅದೇ ಹುಲ್ಲುಹಾಸು, ಅದೇ ಕಟ್ಟಡ. ನಮ್ಮಲ್ಲಿಯೂ ಇದರ ಗಾಳಿ ಬೀಸುತ್ತಿದೆ. ವಿಚಾರ ಸಂಕಿರಣಗಳ ಕರೆಯೋಲೆಗಳಲ್ಲಿ 'ಮೆಟಾವರ್ಸ್' ಎಂಬ ಪದವನ್ನು ನಾನು ಈಗಾಗಲೇ ಹಲವು ಸಲ ಓದಿದ್ದೇನೆ. ಕಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಸೆಮಿಸ್ಟರುಗಳು ಸಾಗುತ್ತಿರುವ ನಮ್ಮ ಪದವಿ ಕಾಲೇಜುಗಳಿಗೆ ಯಾರಾದರೂ ಇಂಥ ಅವಳಿಯೊಂದನ್ನು ಮಾರಲು ಬಂದರೆ, ಒಪ್ಪಂದದ ಕಾಗದದಲ್ಲಿ ನಾನು ಮೊದಲು ಹುಡುಕುವುದು ಎರಡೇ ವಿಷಯ. ಒಂದು, ಬಾಡಿಗೆ ನಿಂತ ಮರುದಿನ ವಿದ್ಯಾರ್ಥಿಗಳು ಅಲ್ಲಿ ಮಾಡಿಟ್ಟ ಕೆಲಸ ಯಾರ ಕೈಯಲ್ಲಿರುತ್ತದೆ. ಇನ್ನೊಂದು, ಅಲ್ಲಿ ವಿದ್ಯಾರ್ಥಿ ತಾನಾಗಿ ಒಂದು ಬಾಗಿಲನ್ನಾದರೂ ಕಟ್ಟಬಹುದೋ, ಅಥವಾ ಬಂದು ಕೂರುವುದಷ್ಟೇ ಅವನ ಪಾಲಿನದೋ.